ಮಲೆನಾಡಿನ ವಸತಿ ಹಕ್ಕು: ಮನೆಯ ಹಣ ಮೊದಲೋ, ಮನೆಯಡಿಯ ನೆಲ ಮೊದಲೋ?

ಸಾಗರದ ಮೇಷ್ಟ್ರು

ನಮ್ಮ ಭಾಗದ ಕೆಲವು ಸಂಘಟನೆಗಳು ಒಟ್ಟಾಗಿ ವಸತಿಯ ಬಗ್ಗೆ ಜಿಲ್ಲಾಡಳಿತಕ್ಕೆ ಒಂದು ಮನವಿಪತ್ರ ಕೊಡಬೇಕೆಂದು ತೀರ್ಮಾನಿಸಿವೆ. ಅದರ ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಬರೆಯಲು ಕೂರುವ ಮೊದಲು ಇಲ್ಲಿರುವವರ ಅಭಿಪ್ರಾಯ ಕೇಳುವುದು ಲೇಸೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಮೊದಲ ಸಭೆಯಲ್ಲಿ ಬಂದ ಬೇಡಿಕೆಗಳಲ್ಲಿ ಹೆಚ್ಚಿನವು ಹಣಕ್ಕೆ ಸಂಬಂಧಿಸಿದವು. ಸಹಾಯಧನ ಹೆಚ್ಚಿಸಬೇಕು, ಪಂಚಾಯ್ತಿಗೆ ಕೊಡುವ ಮನೆಗಳ ಗುರಿ ಹೆಚ್ಚಿಸಬೇಕು, ಬಾಕಿ ಕಂತು ಬಿಡುಗಡೆ ಮಾಡಬೇಕು ಎಂಬಂಥವು. ಅವು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಮಲೆನಾಡಿನಲ್ಲಿ ಈ ಪ್ರಶ್ನೆ ಗೋಡೆ, ಸೂರುಗಳಿಗೆ ಬರುವ ಮೊದಲೇ ನೆಲದಲ್ಲಿ ಸಿಕ್ಕಿಕೊಂಡಿದೆ ಎಂಬುದು ನನ್ನ ತಿಳಿವಳಿಕೆ. ಬಯಲುಸೀಮೆಯಂತೆ ಇಲ್ಲಿ ಊರೆಂದರೆ ಒಟ್ಟಾಗಿ ಕುಳಿತ ಮನೆಗಳ ಗುಂಪಲ್ಲ. ತೋಟದ ತಲೆಯಲ್ಲೊಂದು, ಬೆಟ್ಟದ ಅಂಚಿನಲ್ಲಿ ಎರಡು, ಹಳ್ಳದ ಆಚೆ ನಾಲ್ಕು ಎಂಬಂತೆ ಚದುರಿಕೊಂಡಿರುವ ಮನೆಗಳಿಗೆ ಗ್ರಾಮಠಾಣಾ ಎಂಬ, ಊರಿನ ವಾಸದ ಜಾಗವನ್ನು ದಾಖಲೆಯಲ್ಲಿ ಗುರುತಿಸುವ ಗೆರೆ ತಾಗುವುದೇ ಅಪರೂಪ. ಮೂರು ತಲೆಮಾರು ಬಾಳಿದ ಮನೆಯ ಪಹಣಿ ತೆಗೆಸಿದರೆ 'ಸರ್ಕಾರಿ' ಎಂದೋ 'ಅರಣ್ಯ' ಎಂದೋ 'ಸೊಪ್ಪಿನಬೆಟ್ಟ' (ತೋಟಕ್ಕೆ ಸೊಪ್ಪು ತರಲು ಬಿಟ್ಟ ಬೆಟ್ಟ) ಎಂದೋ ಬರುತ್ತದೆ.

ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯ 25ನೇ ವಿಧಿಯಲ್ಲಿ ವಸತಿಯ ಹೆಸರಿದೆ. 1966ರ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆಯ 11ನೇ ವಿಧಿಯಲ್ಲಿ ಅದು ಸದಸ್ಯ ರಾಷ್ಟ್ರಗಳ ಹೊಣೆಯಾಗಿದ್ದು, ಭಾರತವು 1979ರಲ್ಲಿ ಆ ಒಡಂಬಡಿಕೆಯನ್ನು ಒಪ್ಪಿದೆ. ಯೋಗ್ಯ ವಸತಿ ಎಂದರೇನು ಎಂಬುದನ್ನು ಆ ಒಡಂಬಡಿಕೆಯ ಸಮಿತಿ 1991ರಲ್ಲಿ ಏಳು ಅಂಶಗಳಾಗಿ ವಿವರಿಸಿತು. ನೀರು, ಬೆಳಕು, ಶೌಚದಂಥ ಸೌಲಭ್ಯ, ಭರಿಸಬಹುದಾದ ವೆಚ್ಚ, ವಾಸಯೋಗ್ಯತೆ, ದುರ್ಬಲರಿಗೂ ಎಟುಕುವಿಕೆ, ಇರುವ ಸ್ಥಳ, ಸಂಸ್ಕೃತಿಗೆ ಒಗ್ಗುವಿಕೆ ಇವೆಲ್ಲ ಅದರಲ್ಲಿವೆ. ಎಲ್ಲಕ್ಕಿಂತ ಮೊದಲು ಇಟ್ಟಿರುವುದು ಮಾತ್ರ, ಯಾರೂ ಮನಬಂದಂತೆ ಎಬ್ಬಿಸಲಾಗದ ಹಾಗೆ ಆ ಜಾಗದಲ್ಲಿ ಇರುವ ಕಾನೂನಿನ ಭದ್ರತೆಯನ್ನು. ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹ ನಡೆದ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಹೋರಾಟದ ಕಾವು ಮುಂದೆ 1974ರ ಭೂಸುಧಾರಣೆಯವರೆಗೆ ಬಂತು, ಗೇಣಿದಾರನಿಗೆ ಗದ್ದೆ ಸಿಕ್ಕಿತು. ಗದ್ದೆಯೂ ಇಲ್ಲದೆ ಕೂಲಿಗೆ ನಿಂತವರ, ಕಾಡಂಚಿನಲ್ಲಿ ಬಿಡಾರ ಹೂಡಿದವರ ಮನೆಯಡಿಯ ನೆಲ ಮಾತ್ರ ಆ ಲೆಕ್ಕಕ್ಕೆ ಪೂರ್ತಿ ಬರಲಿಲ್ಲ.

ಹಾಗಾಗಿ ಮನವಿಪತ್ರದ ಮೊದಲ ಬೇಡಿಕೆ ಹಕ್ಕುಪತ್ರದ್ದಾಗಿರಬೇಕು, ಹಣದ ಮಾತು ಅನಂತರ ಬರಲಿ ಎಂದು ನನ್ನ ಸಲಹೆ. ಒಪ್ಪದವರು ದಯವಿಟ್ಟು ಕಾರಣ ಸಹಿತ ಬರೆಯಿರಿ.

ಪಂಚಾಯ್ತಿ ಸದಸ್ಯೆ, ಹೊಸನಗರ ತಾಲ್ಲೂಕು

ಮೇಷ್ಟ್ರೇ, ನಿಮ್ಮ ಮಾತು ನಿಜ. ಅದು ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ.

ಬಸವ ವಸತಿ ಆಗಲಿ, ಅಂಬೇಡ್ಕರ್ ನಿವಾಸ್ ಆಗಲಿ, ಪ್ರಧಾನಮಂತ್ರಿ ಆವಾಸ್ ಆಗಲಿ, ಗ್ರಾಮಸಭೆಯಲ್ಲಿ ಹೆಸರು ಓದುವಾಗ ಯಾರೂ ಜಾಗದ ದಾಖಲೆ ಕೇಳುವುದಿಲ್ಲ. ಯಾರು ನಿಜವಾಗಿ ಬಡವರೆಂಬುದು ಊರಿಗೇ ಗೊತ್ತಿರುತ್ತದೆ, ಚಪ್ಪಾಳೆ ತಟ್ಟಿ ಒಪ್ಪುತ್ತಾರೆ. ಹೆಸರು ಮೇಲೆ ಹೋಗಿ ಮಂಜೂರಾಗಿ ಬಂದ ಮೇಲೆ ಪಂಚಾಯ್ತಿಯ ಆಸ್ತಿ ದಾಖಲೆಯಾದ ನಮೂನೆ 9 ಕೊಡಿ, ಅದನ್ನು ಗಣಕದಲ್ಲಿ ಸೇರಿಸುವ ಇ-ಸ್ವತ್ತು ಮಾಡಿಸಿ ಎಂಬ ಮಾತು ಏಳುತ್ತದೆ. ಗ್ರಾಮಠಾಣಾದ ಹೊರಗಿನ ಸರ್ಕಾರಿ ಜಾಗದ ಮನೆಗೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆ ನಮೂನೆ ಕೊಡುವಂತಿಲ್ಲ, ಕೊಟ್ಟರೆ ಅವರ ಕೆಲಸಕ್ಕೆ ಕುತ್ತು. ಅವರನ್ನು ಬೈದು ಪ್ರಯೋಜನವಿಲ್ಲ. ಅವಧಿ ಮುಗಿದಾಗ ಮಂಜೂರಾದ ಮನೆ ರದ್ದಾಗಿ, ದಾಖಲೆ ಸರಿಯಿರುವ ಬೇರೊಬ್ಬರ ಹೆಸರು ಬರುತ್ತದೆ. ಬಹಳಷ್ಟು ಸಲ ಆ ಬೇರೊಬ್ಬರಿಗೆ ಆಗಲೇ ಒಂದು ಹಂಚಿನ ಮನೆ ಇರುತ್ತದೆ.

ನಮ್ಮ ವಾರ್ಡಿನಲ್ಲಿ ಒಬ್ಬ ವಿಧವೆಯ ಮನೆ ಇದೆ. ಮಣ್ಣಿನ ಗೋಡೆ, ಒಳಗಿನ ಅಡ್ಡಗೋಡೆಗೆ ಅಡಿಕೆ ದಬ್ಬೆ, ಹಂಚು ಒಡೆದ ಕಡೆ ನೀಲಿ ಟಾರ್ಪಾಲು. ಪ್ರತಿ ವರ್ಷ ಮೇ ಕೊನೆಯಲ್ಲಿ ಆಕೆ ಪಡುವಣ ಗೋಡೆಗೆ ಸೋಗೆಯ ತಡಿಕೆ ಕಟ್ಟುತ್ತಾರೆ, ಇಲ್ಲದಿದ್ದರೆ ಆರಿದ್ರೆ ಮಳೆಗೆ ಗೋಡೆ ಕರಗುತ್ತದೆ. ಅಡಿಪಾಯದ ಹಂತದ ಫೋಟೊ ತೆಗೆಯಲು ಬಂದಾಗ ಮೊಬೈಲ್ ಆ ಜಾಗವನ್ನು ಅಕ್ಷಾಂಶ, ರೇಖಾಂಶ ಸಮೇತ ಗುರುತಿಸಿತು. ಕಂದಾಯ ದಾಖಲೆ ಮಾತ್ರ ಅಲ್ಲೊಂದು ಮನೆಯಿದೆ ಎಂಬುದನ್ನು ಒಪ್ಪಲಿಲ್ಲ. ಸಾಲ ಮಾಡಿ ಹಾಕಿದ ತಳಪಾಯದ ಮೇಲೆ ಈಗ ಆಕೆ ಕಟ್ಟಿಗೆ ಒಟ್ಟಿದ್ದಾರೆ.

ಗೋಡೆ ಬಿದ್ದರೂ ಇದೇ ತಕರಾರು. 2019ರ ನೆರೆಯ ಸಮಯದಲ್ಲಿ ಪೂರ್ಣ ಕುಸಿದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತಲ್ಲ, ಆಗಲೂ ಕಾಗದ ಇದ್ದವರ ಕಡತ ಮುಂದೆ ಓಡಿತು, ಇಲ್ಲದವರದು ಮೇಜಿನಿಂದ ಮೇಜಿಗೆ ಅಲೆಯಿತು.

ಶಿವಮೊಗ್ಗದ ವಕೀಲ

ಮನವಿಪತ್ರದಲ್ಲಿ 'ಹಕ್ಕು' ಎಂದು ಬರೆಯುವ ಮೊದಲು ಅದಕ್ಕಿರುವ ಬಲವನ್ನೂ ಮಿತಿಯನ್ನೂ ಅರಿತಿರುವುದು ಒಳ್ಳೆಯದು. ಇಲ್ಲದಿದ್ದರೆ ಅಧಿಕಾರಿಗಳು ಮೊದಲ ಪುಟದಲ್ಲೇ ಅದನ್ನು ಬದಿಗಿಡುತ್ತಾರೆ.

ನಮ್ಮ ಸಂವಿಧಾನದಲ್ಲಿ ವಸತಿ ಹಕ್ಕು ಎಂದು ಪ್ರತ್ಯೇಕವಾಗಿ ಬರೆದ ವಿಧಿಯಿಲ್ಲ. ದಕ್ಷಿಣ ಆಫ್ರಿಕದ ಸಂವಿಧಾನದ 26ನೇ ಕಲಂನಲ್ಲಿ ಅದು ಇದೆ. ಅಲ್ಲಿಯೂ 2000ದ ಗ್ರೂಟ್‌ಬೂಮ್ ಪ್ರಕರಣದಲ್ಲಿ ನ್ಯಾಯಾಲಯವು ಕೇಳಿದವರಿಗೆಲ್ಲ ಮನೆ ಕೊಡಿ ಎನ್ನಲಿಲ್ಲ. ತಲೆಯ ಮೇಲೆ ಸೂರೇ ಇಲ್ಲದ ಅತ್ಯಂತ ಸಂಕಷ್ಟದವರನ್ನು ಕೈಬಿಟ್ಟ ವಸತಿ ಕಾರ್ಯಕ್ರಮ ಸಮಂಜಸವಲ್ಲ ಎಂದಷ್ಟೇ ಹೇಳಿತು. ನಮ್ಮಲ್ಲಿ ಸುಪ್ರೀಂ ಕೋರ್ಟು 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ವಸತಿಯನ್ನು ಓದಿದೆ. 1985ರ ಓಲ್ಗಾ ಟೆಲ್ಲಿಸ್, 1990ರ ಶಾಂತಿಸ್ಟಾರ್ ಬಿಲ್ಡರ್ಸ್, 1996ರ ಚಮೇಲಿ ಸಿಂಗ್ ತೀರ್ಪುಗಳು ಆ ದಾರಿಯ ಮೈಲಿಗಲ್ಲುಗಳು. ಭಾಷಣಗಳಲ್ಲಿ ಓಲ್ಗಾ ಟೆಲ್ಲಿಸ್ ಹೆಸರು ಹೇಳುವವರು ಒಂದು ಸಂಗತಿಯನ್ನು ಬಿಡುತ್ತಾರೆ. ಆ ತೀರ್ಪು ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ತೆರವನ್ನು ಕೊನೆಗೂ ತಡೆಯಲಿಲ್ಲ, ಮಳೆಗಾಲ ಕಳೆದು ಅಕ್ಟೋಬರ್ 31ರವರೆಗೆ ಯಾರನ್ನೂ ಎಬ್ಬಿಸಬೇಡಿ ಎಂದಿತು. ಮಲೆನಾಡಿಗೆ ಆ ಒಂದು ಸಾಲೂ ಉಪಯುಕ್ತ. ಒಡಂಬಡಿಕೆಯ ಸಮಿತಿಯ 1997ರ ವ್ಯಾಖ್ಯಾನವೂ ಕೆಟ್ಟ ಹವೆಯಲ್ಲಿ ಹಾಗೂ ರಾತ್ರಿಯಲ್ಲಿ ತೆರವು ನಡೆಯಬಾರದೆಂದೇ ಹೇಳುತ್ತದೆ.

ನಮಗೆ ಹೆಚ್ಚು ಕೆಲಸಕ್ಕೆ ಬರುವುದು ಈ ದೊಡ್ಡ ತೀರ್ಪುಗಳಿಗಿಂತ ಸಾಧಾರಣ ಕಾಯ್ದೆಗಳು. ಮನೆ ಕಂದಾಯ ಇಲಾಖೆಯ ಸರ್ಕಾರಿ ಭೂಮಿಯಲ್ಲಿದ್ದರೆ ಅದನ್ನು ಸಕ್ರಮ ಮಾಡುವ 1964ರ ಭೂಕಂದಾಯ ಕಾಯ್ದೆಯ 94ಸಿ ಕಲಂ, ಪಟ್ಟಣದ ವ್ಯಾಪ್ತಿಯಲ್ಲಿದ್ದರೆ 94ಸಿಸಿ. ಅರಣ್ಯ ಭೂಮಿಯಲ್ಲಿದ್ದರೆ ಆ ಬಾಗಿಲು ತೆರೆಯುವುದಿಲ್ಲ, 2006ರ ಅರಣ್ಯ ಹಕ್ಕು ಕಾಯ್ದೆಯ ಬಾಗಿಲನ್ನೇ ತಟ್ಟಬೇಕು. ಎಷ್ಟೋ ಕುಟುಂಬಗಳು ಅರಣ್ಯ ಸರ್ವೆ ನಂಬರಿನ ಮನೆಗೆ 94ಸಿ ಅರ್ಜಿ ಹಾಕಿ, ತಿರಸ್ಕೃತವಾದ ಮೇಲೆ ಇನ್ನೇನೂ ಇಲ್ಲವೆಂದು ಕೈಚೆಲ್ಲಿ ಕೂತಿವೆ.

ಅರಣ್ಯ ಹಕ್ಕು ಕಾಯ್ದೆಯಲ್ಲಿ ವಾಸಕ್ಕೂ ಸಾಗುವಳಿಗೂ ಸೇರಿ ಗರಿಷ್ಠ 4 ಹೆಕ್ಟೇರ್‌ವರೆಗೆ, 2005ರ ಡಿಸೆಂಬರ್ 13ರಂದು ಅನುಭವದಲ್ಲಿದ್ದಷ್ಟಕ್ಕೆ ಹಕ್ಕು ಸಿಗುತ್ತದೆ. ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ನಮ್ಮಲ್ಲಿ ಅರ್ಜಿಗಳು ಬೀಳುವುದು ಇಲ್ಲೇ. ಆದರೆ ಆ 75 ವರ್ಷ ಇರುವುದು ಆ ಪ್ರದೇಶದ ವಾಸಕ್ಕೆ ಮತ್ತು ಅರಣ್ಯದ ಅವಲಂಬನೆಗೆ, ಇಂದು ಕೇಳುತ್ತಿರುವ ಅದೇ ತುಂಡು ನೆಲದ ಸ್ವಾಧೀನಕ್ಕಲ್ಲ. ಇದನ್ನು ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯವೇ ಸ್ಪಷ್ಟಪಡಿಸಿದೆ. ಈ ಕಾಯ್ದೆಯ ನಿಯಮ 13ರ ಪ್ರಕಾರ ಹಿರಿಯರ ಲಿಖಿತ ಹೇಳಿಕೆ, ಹಳೆಯ ಮನೆಯ ಕುರುಹು, ಬಾವಿ, ಸ್ಮಶಾನ ಇವೆಲ್ಲವೂ ಸಾಕ್ಷ್ಯ. ಇಂಥದೇ ದಾಖಲೆ ಬೇಕೆಂದು ಅರ್ಜಿ ಪರಿಶೀಲಿಸುವ ಸಮಿತಿಗಳು ಹಠ ಹಿಡಿಯುವಂತಿಲ್ಲವೆಂದು 2012ರ ತಿದ್ದುಪಡಿ ಹೇಳುತ್ತದೆ. ಜೊತೆಗೆ 4(5)ನೇ ಕಲಂ ಇದೆ: ಗುರುತಿಸುವ ಮತ್ತು ಪರಿಶೀಲಿಸುವ ಪ್ರಕ್ರಿಯೆ ಮುಗಿಯುವವರೆಗೆ ಅರಣ್ಯವಾಸಿಯನ್ನು ಒಕ್ಕಲೆಬ್ಬಿಸುವಂತಿಲ್ಲ. ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸಿ ಎಂಬ 2019ರ ಫೆಬ್ರುವರಿ 13ರ ಆದೇಶವನ್ನು ಸುಪ್ರೀಂ ಕೋರ್ಟು ಅದೇ ತಿಂಗಳ 28ರಂದು ತಡೆಹಿಡಿದದ್ದು, ಆ ತಿರಸ್ಕಾರಗಳು ಕ್ರಮಬದ್ಧವಾಗಿ ನಡೆದಿವೆಯೇ ಎಂಬ ಸಂಶಯ ಎದ್ದದ್ದರಿಂದ.

ಮೇಷ್ಟ್ರು ನೆಲದ ಬೇಡಿಕೆ ಮೊದಲು ಇಡುವುದಕ್ಕೆ ನನ್ನ ಒಪ್ಪಿಗೆಯಿದೆ. ಆದರೆ 'ಹಕ್ಕುಪತ್ರ ಕೊಡಿ' ಎಂಬ ಒಂದೇ ಸಾಲು ಬರೆದರೆ ಯಾವ ಕಾಯ್ದೆಯಡಿ ಎಂದು ಮರುಪ್ರಶ್ನೆ ಬರುತ್ತದೆ. ಕಂದಾಯ, ಅರಣ್ಯ, ಖಾಸಗಿ ಎಂದು ಮನೆಗಳನ್ನು ಮೊದಲೇ ವಿಂಗಡಿಸಿ ಕೊಡಿ.

ಕಾನು ಕಾಯುವವ, ತೀರ್ಥಹಳ್ಳಿ

ನನ್ನದು ಭಿನ್ನಾಭಿಪ್ರಾಯ. ಬಡವರ ಮನೆಯ ಮಾತು ಎತ್ತಿದಾಗಲೆಲ್ಲ ಅದರ ಬೆನ್ನಿಗೆ ಹತ್ತು ಎಕರೆ ಅಡಿಕೆ ತೋಟವೊಂದು ಅಡಗಿ ಬರುವುದನ್ನು ನಾವೆಲ್ಲ ನೋಡಿದ್ದೇವೆ. ಎರಡು ಗುಂಟೆಯ ಮನೆ ಮುಂದೆ ನಿಲ್ಲುತ್ತದೆ, ಸಕ್ರಮವಾಗುವುದು ಹಿಂದಿನ ಕಾನು, ಅಂದರೆ ದಟ್ಟ ಕಾಡು. 2022ರಲ್ಲಿ ರಾಜ್ಯದ ಪರಿಭಾವಿತ ಅರಣ್ಯದ (ಅಧಿಸೂಚನೆಯಾಗದಿದ್ದರೂ ಅರಣ್ಯವೆಂದೇ ಪರಿಗಣಿಸಿದ ಭೂಮಿಯ) ಪಟ್ಟಿ ಸುಮಾರು 9.9 ಲಕ್ಷ ಹೆಕ್ಟೇರ್‌ನಿಂದ 3.3 ಲಕ್ಷ ಹೆಕ್ಟೇರ್‌ಗೆ ಇಳಿದಾಗ ಸಂಭ್ರಮಿಸಿದವರಲ್ಲಿ ಮನೆಯಿಲ್ಲದವರೆಷ್ಟು, ತೋಟ ಹಿಗ್ಗಿಸುವವರೆಷ್ಟು ಎಂದು ಯಾರಾದರೂ ಕೇಳಿದರೇ?

ಒಂದು ಮನೆಗೆ ಹಕ್ಕುಪತ್ರವಾದರೆ ಅದರ ಹಿಂದೆಯೇ ರಸ್ತೆ ಬರುತ್ತದೆ, ವಿದ್ಯುತ್ ತಂತಿ ಬರುತ್ತದೆ, ತಂತಿಯ ಕೆಳಗಿನ ಮರಗಳು ಹೋಗುತ್ತವೆ. ಮರದಿಂದ ಮರಕ್ಕೆ ದಾಟಿ ಬದುಕುವ ಸಿಂಗಳೀಕಕ್ಕೆ ಆ ಇಪ್ಪತ್ತು ಅಡಿಯ ಬಯಲು ದಾಟಲಾರದ ಗಡಿ. ಬೆಟ್ಟದ ಮಗ್ಗುಲನ್ನು ಜೆಸಿಬಿಯಿಂದ ಕಡಿದು ಸಮತಟ್ಟು ಮಾಡಿ ಕಟ್ಟಿದ ಮನೆಗಳ ಹಿಂದಿನ ಧರೆ ಮಳೆಗಾಲದಲ್ಲಿ ಕುಸಿಯುತ್ತಿರುವುದೂ ಕಣ್ಣೆದುರಿಗಿದೆ. ವಾಸಯೋಗ್ಯತೆ ಎಂಬುದು ನೀವು ಹೇಳಿದ ಏಳರಲ್ಲಿ ಒಂದಲ್ಲವೇ, ಅಂಥ ಜಾಗಕ್ಕೆ ಹಕ್ಕುಪತ್ರ ಕೊಡುವುದು ಹೇಗೆ ಹಕ್ಕಾಗುತ್ತದೆ?

ಭದ್ರಾ ಅಭಯಾರಣ್ಯದ ಊರುಗಳವರು 2001-02ರಲ್ಲಿ ಒಪ್ಪಿ ಹೊರಬಂದು ಎಂ.ಸಿ. ಹಳ್ಳಿ, ಕೆಳಗೂರುಗಳಲ್ಲಿ ನೆಲೆಸಿದರು. ದೇಶದಲ್ಲಿ ಯಶಸ್ವಿಯಾದ ಸ್ಥಳಾಂತರಗಳ ಮಾತು ಬಂದಾಗ ಅದನ್ನೇ ಉದಾಹರಿಸುತ್ತಾರೆ. ಮನವಿಪತ್ರದಲ್ಲಿ ಆ ಮಾದರಿಗೂ ಜಾಗವಿರಲಿ. ಮನೆ ಮತ್ತು ತೋಟದ ಬೇಡಿಕೆಗಳನ್ನು ಬೇರ್ಪಡಿಸದಿದ್ದರೆ ನನ್ನ ಸಹಿ ಅದರಲ್ಲಿರುವುದಿಲ್ಲ.

ಮುಳುಗಡೆ ಕುಟುಂಬದವನು, ಆನಂದಪುರದ ಕಡೆ

ಭದ್ರಾದ ಉದಾಹರಣೆಯನ್ನು ನಾನೂ ಗೌರವದಿಂದಲೇ ನೋಡುತ್ತೇನೆ. ಅಲ್ಲಿ ಜನ ಊರು ಬಿಡುವಾಗ ಎಲ್ಲಿಗೆ ಹೋಗಬೇಕು, ಯಾವ ನೀರಾವರಿ ಭೂಮಿ ತಮ್ಮದಾಗುತ್ತದೆ ಎಂಬುದು ತಿಳಿದಿತ್ತು. ವರ್ಷಗಟ್ಟಲೆ ಮಾತುಕತೆಯೂ ನಡೆದಿತ್ತು. ಅದೇ ಜಿಲ್ಲೆಗಳ ಆಸುಪಾಸಿನಲ್ಲಿ, ಅದಕ್ಕೆ ನಾಲ್ಕು ದಶಕ ಮೊದಲು ಆದದ್ದನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕೆಂದು ಕೇಳುತ್ತೇನೆ.

ಶರಾವತಿಗೆ ಮೊದಲು ಹಿರೇಭಾಸ್ಕರ ಅಣೆಕಟ್ಟು ಬಂತು. ಅನಂತರ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ನೀರು ಸಮುದ್ರಮಟ್ಟದಿಂದ 1819 ಅಡಿಯ ಮಟ್ಟಕ್ಕೆ ನಿಲ್ಲುವಂತಾಗಿ, ನಮ್ಮ ಊರಿನ ಜೊತೆಗೆ ಹಿರೇಭಾಸ್ಕರದ ಕಟ್ಟೆಯೇ ಅದರೊಳಗೆ ಮುಳುಗಿತು. ನಮ್ಮ ಅಜ್ಜನನ್ನೂ ಊರಿನವರನ್ನೂ ಲಾರಿಯಲ್ಲಿ ತಂದು ಇಳಿಸಿದ್ದು ಕಾಡಿನಲ್ಲಿ. ಜಾಗ ತೋರಿಸಿದವರು ಸರ್ಕಾರದವರೇ. ಕಡಿದು ಹಸನು ಮಾಡಿಕೊಳ್ಳಿ ಎಂದವರೂ ಅವರೇ. ಆ ನೆಲವನ್ನು ಅರಣ್ಯದಿಂದ ಕಂದಾಯಕ್ಕೆ ವರ್ಗಾಯಿಸುವ ಕಾಗದದ ಕೆಲಸ ಮಾತ್ರ ನಡೆಯಲಿಲ್ಲ, ಅಷ್ಟರಲ್ಲಿ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಮುಂದೆ ರಾಜ್ಯ ಸರ್ಕಾರಗಳು ಮುಳುಗಡೆಯವರಿಗಾಗಿ ಅರಣ್ಯ ಭೂಮಿಯನ್ನು ಕೈಬಿಟ್ಟು ಹೊರಡಿಸಿದ ಅಧಿಸೂಚನೆಗಳು, ಕೇಂದ್ರದ ಪೂರ್ವಾನುಮತಿ ಇಲ್ಲವೆಂಬ ಕಾರಣಕ್ಕೆ 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದವು. ಹಕ್ಕುಪತ್ರ ಕೈಗೆ ಬಂದಿದ್ದವರು ಕೂಡ ಮತ್ತೆ ಅರಣ್ಯ ಭೂಮಿಯ ನಿವಾಸಿಗಳಾದರು. ಅಜ್ಜ ಸಂತ್ರಸ್ತ, ಅಪ್ಪ ಅರ್ಜಿದಾರ, ನಾನು ಒತ್ತುವರಿದಾರ ಎಂಬಂತಾಗಿದೆ. ಭೂಕಬಳಿಕೆ ನಿಷೇಧ ಕಾಯ್ದೆಯಡಿ ನೋಟಿಸು ಬಂದ ನೆರೆಮನೆಯವರು ಒಂದು ಎಕರೆಯ ವಿಚಾರಣೆಗೆ ಬೆಂಗಳೂರಿನ ವಿಶೇಷ ನ್ಯಾಯಾಲಯದವರೆಗೆ ರಾತ್ರಿ ಬಸ್ಸು ಹತ್ತಿದ್ದಾರೆ.

ವಕೀಲರಲ್ಲಿ ಒಂದು ಪ್ರಶ್ನೆ. ನಾವು ಈಗಿನ ಜಾಗಕ್ಕೆ ಬಂದದ್ದು ಅರವತ್ತರ ದಶಕದಲ್ಲಿ. ನೀವು ಹೇಳಿದ 75 ವರ್ಷಕ್ಕೆ ಮುಳುಗಿದ ಊರಿನ ವಾಸವನ್ನು ಸೇರಿಸಿಕೊಳ್ಳಬಹುದೇ? ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಮನೆಗಳ ಪಂಚಾಂಗ (ತಳಪಾಯ), ಬಾವಿಯ ಕಟ್ಟೆ ಕಾಣುತ್ತವೆ. ಅವುಗಳ ಫೋಟೊ ನಡೆಯುತ್ತದೆಯೇ?

ಶಿವಮೊಗ್ಗದ ವಕೀಲ

ವಾದಿಸಬಹುದು, ವಾದಿಸಲೇಬೇಕು. ಅಲ್ಲಿಯೂ ಇಲ್ಲಿಯೂ ನಿಮ್ಮ ಕುಟುಂಬ ಅರಣ್ಯ ಪ್ರದೇಶದಲ್ಲೇ ವಾಸವಿದ್ದು ಅರಣ್ಯವನ್ನೇ ಅವಲಂಬಿಸಿತ್ತು ಎಂಬುದನ್ನು ತೋರಿಸುವುದು ಮುಖ್ಯ. ಮುಳುಗಡೆಯ ಪರಿಹಾರದ ಪಟ್ಟಿ, ಹಳೆಯ ಊರಿನ ಕಂದಾಯ ರಸೀದಿ, ಶಾಲಾ ದಾಖಲೆ, ಇವುಗಳ ಜೊತೆಗೆ ನೀವು ಹೇಳಿದ ಫೋಟೊ ಮತ್ತು ಹಿರಿಯರ ಹೇಳಿಕೆ ಇಟ್ಟರೆ ಅರ್ಜಿಗೆ ತೂಕ ಬರುತ್ತದೆ. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಇರಲೇಬೇಕು. ಆದರೆ ಎಲ್ಲ ಮುಳುಗಡೆ ಊರುಗಳೂ ಅರಣ್ಯದ ಊರುಗಳಾಗಿರಲಿಲ್ಲ, ಗದ್ದೆ-ತೋಟಗಳ ಕಂದಾಯ ಊರುಗಳೇ ಅನೇಕ. ಅವರಿಗೆ ಈ ಕಾಯ್ದೆಯ ದಾರಿ ಕಠಿಣ. ಕೇಂದ್ರದ ಅನುಮತಿಯೊಂದಿಗೆ ಆ ನೆಲವನ್ನು ಬಿಡಿಸಿಕೊಡುವುದು ರಾಜ್ಯ ಸರ್ಕಾರದ್ದೇ ಹೊಣೆ, ಅದನ್ನು ಮನವಿಪತ್ರದಲ್ಲಿ ಬೇರೆ ಬೇಡಿಕೆಯಾಗಿಯೇ ಬರೆಯಬೇಕು.

ಕಾನು ಕಾಯುವವರು ಕೇಳಿದ ರಸ್ತೆ, ತಂತಿಯ ವಿಷಯಕ್ಕೂ ಕಾಯ್ದೆಯಲ್ಲಿ ಮಿತಿಯಿದೆ. 3(2)ನೇ ಕಲಂ ಪ್ರಕಾರ ಶಾಲೆ, ಕುಡಿಯುವ ನೀರು, ವಿದ್ಯುತ್, ರಸ್ತೆಯಂಥ 13 ಬಗೆಯ ಸೌಲಭ್ಯಗಳಿಗೆ ಪ್ರತಿ ಸಂದರ್ಭದಲ್ಲಿ ಒಂದು ಹೆಕ್ಟೇರ್‌ಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ. ಸಿಕ್ಕ ಹಕ್ಕನ್ನು ಮಾರುವಂತೆಯೂ ಇಲ್ಲ. ಅದು ವಾರಸುದಾರರಿಗೆ ಮಾತ್ರ ಹೋಗುತ್ತದೆ, ಮದುವೆಯಾದವರಿದ್ದರೆ ಗಂಡ-ಹೆಂಡತಿ ಇಬ್ಬರ ಹೆಸರಿನಲ್ಲಿರುತ್ತದೆ. ರಿಯಲ್ ಎಸ್ಟೇಟಿನವರಿಗೆ ಇದರಲ್ಲಿ ಆಸಕ್ತಿ ಹುಟ್ಟುವುದು ಕಷ್ಟ.

ಲೈನ್ ಮನೆಯ ಮಗಳು, ಕೊಪ್ಪ

ಇಲ್ಲಿಯವರೆಗೆ ಬರೆದವರೆಲ್ಲ ಸರ್ಕಾರಿ ನೆಲದ ಮೇಲಿನ ಮನೆಗಳ ಬಗ್ಗೆಯೇ ಬರೆದಿದ್ದಾರೆ. ಎಸ್ಟೇಟಿನ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವರು ನಿಮ್ಮ ವಿಂಗಡಣೆಯ ಯಾವ ಕೋಣೆಗೂ ಸೇರುವುದಿಲ್ಲ. ನೆಲ ಧಣಿಯದು, ಗೋಡೆಯೂ ಧಣಿಯದು. ಕೆಲಸ ಇರುವವರೆಗೆ ಮನೆ. ಅಮ್ಮ ನಲವತ್ತು ವರ್ಷ ಕಾಫಿ ಕೊಯ್ದರು. ಮೊಣಕಾಲು ಸೋತು ಕೆಲಸ ಬಿಟ್ಟ ತಿಂಗಳಲ್ಲೇ ಎಸ್ಟೇಟಿನ ರೈಟರು (ಗುಮಾಸ್ತರು) ಬಂದು ಮನೆ ಯಾವಾಗ ಖಾಲಿಯಾಗುತ್ತದೆಂದು ಕೇಳಿದರು.

ತೋಟ ಕಾರ್ಮಿಕರ 1951ರ ಕಾಯ್ದೆಯ 15ನೇ ಕಲಂ, ತೋಟದಲ್ಲಿ ವಾಸವಿರುವ ಕಾರ್ಮಿಕನಿಗೂ ಅವನ ಕುಟುಂಬಕ್ಕೂ ಮನೆ ಒದಗಿಸಿ ಸುಸ್ಥಿತಿಯಲ್ಲಿಡುವುದು ಮಾಲೀಕರ ಕರ್ತವ್ಯವೆಂದು ಹೇಳಿತು. ದುಡಿಯುವವರೆಗೆ ಅದೊಂದು ರಕ್ಷಣೆಯಾಗಿತ್ತು. ದುಡಿಮೆ ನಿಂತ ಮೇಲೆ ಏನು ಎಂಬುದಕ್ಕೆ ಅಲ್ಲಿ ಉತ್ತರವಿರಲಿಲ್ಲ. ಲೈನಿನ ವಿಳಾಸದಲ್ಲಿ ಮತದಾರರ ಚೀಟಿ ಇರುತ್ತದೆ, ಪಡಿತರ ಚೀಟಿ ಇರುತ್ತದೆ, ನಿವೇಶನರಹಿತರ ಪಟ್ಟಿಯಲ್ಲಿ ಹೆಸರು ಸೇರಿಸಿ ಎಂದರೆ ಮಾತ್ರ 'ನಿಮಗೆ ಮನೆ ಇದೆಯಲ್ಲ' ಎನ್ನುತ್ತಾರೆ.

ಇದೇ ಮಲೆನಾಡಿನಲ್ಲಿ ಕಾಫಿ, ಏಲಕ್ಕಿ, ಮೆಣಸು ಬೆಳೆದು ಸರ್ಕಾರಿ ಭೂಮಿಯನ್ನು ಒತ್ತುವರಿ ಮಾಡಿಕೊಂಡ ಬೆಳೆಗಾರರಿಗೆ 25 ಎಕರೆಯವರೆಗೆ 30 ವರ್ಷಗಳ ಗುತ್ತಿಗೆ ಕೊಡಲು ಕಾಯ್ದೆಗೆ ತಿದ್ದುಪಡಿಯಾಯಿತು. ಆ ಗುತ್ತಿಗೆಯ ಷರತ್ತಿನಲ್ಲಿ, ಆ ಭೂಮಿಯಲ್ಲಿ ದುಡಿದವರಿಗೆ ತಲಾ ಎರಡು ಗುಂಟೆ ನಿವೇಶನ ಬಿಟ್ಟುಕೊಡಬೇಕೆಂದು ಸೇರಿಸಲು ಯಾಕೆ ಕೇಳಬಾರದು? ತೋಟ ಮತ್ತು ಮನೆಯನ್ನು ಬೇರ್ಪಡಿಸಬೇಕೆಂದು ತೀರ್ಥಹಳ್ಳಿಯವರು ಬರೆದಿದ್ದಾರೆ. ದೊಡ್ಡ ತೋಟದವರ ಮಟ್ಟಿಗೆ ನಾನು ಅವರ ಕಡೆ.

ನಿವೃತ್ತ ಗ್ರಾಮ ಲೆಕ್ಕಿಗ, ಸೊರಬ

ಸರ್ವೀಸಿನಲ್ಲಿದ್ದಾಗ 94ಸಿ ಅರ್ಜಿಗಳ ಮಹಜರು ಬರೆದವನು ನಾನು, ಆದ್ದರಿಂದ ಎರಡು ಮಾತು.

ಅರ್ಜಿ ಸೋಲುವುದು ಬಹಳ ಸಲ ಕಾನೂನಿನಿಂದಲ್ಲ, ನಕ್ಷೆಯಿಂದ. ದೊಡ್ಡ ಸರ್ವೆ ನಂಬರಿನಲ್ಲಿ ಸ್ವಲ್ಪ ಗೋಮಾಳ, ಸ್ವಲ್ಪ ಸೊಪ್ಪಿನಬೆಟ್ಟ, ಸ್ವಲ್ಪ ಅರಣ್ಯ ಸೇರಿಕೊಂಡಿರುತ್ತದೆ. ಭಾಗಗಳನ್ನು ಅಳೆದು ಬೇರ್ಪಡಿಸುವ ಪೋಡಿ ಆಗಿರುವುದಿಲ್ಲ. ಮನೆ ಯಾವ ಭಾಗದಲ್ಲಿದೆ ಎಂದು ಅಳೆಯದೆಯೇ ಇಡೀ ನಂಬರನ್ನು ಅರಣ್ಯವೆಂದು ಬರೆದು ಕಡತ ಮುಚ್ಚುತ್ತಾರೆ. ಅರಣ್ಯ ಮತ್ತು ಕಂದಾಯ ಇಲಾಖೆಗಳ ಜಂಟಿ ಸರ್ವೆಯನ್ನೇ ನಿಮ್ಮ ಮನವಿಪತ್ರದ ಮೊದಲ ಬೇಡಿಕೆ ಮಾಡಿ. ಮೇಷ್ಟ್ರ ಹಕ್ಕುಪತ್ರ, ವಕೀಲರ ವಿಂಗಡಣೆ ಎರಡೂ ಅದರ ಮೇಲೆಯೇ ನಿಂತಿವೆ.

ಇನ್ನೊಂದು, ಊರಿನಲ್ಲಿ ಹರಡಿರುವ ಭಯದ ಬಗ್ಗೆ. ಪಶ್ಚಿಮ ಘಟ್ಟದ ಸೂಕ್ಷ್ಮ ಪರಿಸರ ವಲಯದ ಕರಡು ಅಧಿಸೂಚನೆ ಬಂದಾಗಲೆಲ್ಲ ಮನೆ ರಿಪೇರಿಯೂ ಮಾಡುವಂತಿಲ್ಲ ಎಂದು ಹಬ್ಬಿಸುತ್ತಾರೆ. ಆ ಕರಡಿನಲ್ಲಿ ನಿಷೇಧವಿರುವುದು 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡಗಳಿಗೆ. ಇರುವ ವಾಸದ ಮನೆಯ ದುರಸ್ತಿಗೆ, ವಿಸ್ತರಣೆಗೆ ಅಡ್ಡಿಯಿಲ್ಲವೆಂದು ಅದರಲ್ಲೇ ಬರೆದಿದೆ. ಹೆದರಿಸಿ ಮತ ಕೇಳುವವರಿಗೆ ಆ ಪುಟ ಕಾಣುವುದಿಲ್ಲ.

ತುಂಗೆಯ ದಂಡೆಯವಳು, ಶಿವಮೊಗ್ಗ

ಪಟ್ಟಣವನ್ನೂ ಮರೆಯಬೇಡಿ. ತುಂಗೆ ಉಕ್ಕಿದಾಗ ಕುಂಬಾರಗುಂಡಿ, ಸೀಗೆಹಟ್ಟಿಯಂಥ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗುವುದನ್ನು 2019ರಲ್ಲಿ ಎಲ್ಲರೂ ನೋಡಿದ್ದೀರಿ. ಹಾಗಾದಾಗ ಊರ ಹೊರಗೆ ಮನೆ ಕೊಡುತ್ತೇವೆ ಎಂಬ ಭರವಸೆ ಬರುತ್ತದೆ. ಬೆಳಗ್ಗೆ ಆರಕ್ಕೆ ನಾಲ್ಕು ಮನೆಗಳ ಪಾತ್ರೆ ತೊಳೆಯಲು ಹೋಗುವ ಹೆಂಗಸಿಗೆ ಊರ ಹೊರಗಿನ ಮನೆಯೆಂದರೆ ಅರ್ಧ ಸಂಬಳ ಆಟೋಗೆ ಹೋಯಿತೆಂದೇ ಲೆಕ್ಕ. ಮೇಷ್ಟ್ರು ಹೇಳಿದ 'ಇರುವ ಸ್ಥಳ' ಎಂಬ ಅಂಶ ನಮಗೆ ಇದೇ.

ವಕೀಲರು 2024ರ ನವೆಂಬರ್ 13ರ ಸುಪ್ರೀಂ ಕೋರ್ಟಿನ ತೀರ್ಪನ್ನು ಹೇಳಲಿಲ್ಲ. 15 ದಿನಗಳ ನೋಟಿಸು ಕೊಡದೆ ಮನೆ ಕೆಡವುವಂತಿಲ್ಲ ಎಂದಿತಲ್ಲ, ಅದು ನಮಗೆ ಅನ್ವಯಿಸುತ್ತದೆಯೇ?

ಶಿವಮೊಗ್ಗದ ವಕೀಲ

ಬೇಕೆಂದೇ ಬಿಟ್ಟೆ ಅಕ್ಕ, ಅದರ ಮೇಲೆ ಪೂರ್ತಿ ಭರವಸೆ ಇಡುವುದು ಅಪಾಯ. ರಸ್ತೆ, ಪಾದಚಾರಿ ಮಾರ್ಗ, ರೈಲು ಹಳಿ, ನದಿ ಅಥವಾ ಜಲಮೂಲದಂಥ ಸಾರ್ವಜನಿಕ ಸ್ಥಳದ ಅನಧಿಕೃತ ಕಟ್ಟಡಕ್ಕೆ ಆ ನಿರ್ದೇಶನಗಳು ಅನ್ವಯಿಸುವುದಿಲ್ಲವೆಂದು ಅದೇ ತೀರ್ಪಿನಲ್ಲಿದೆ. ನದಿ ದಂಡೆಯ ಗುಡಿಸಲಿಗೆ ಅದರಿಂದ ರಕ್ಷಣೆ ಸಿಗದಿರಬಹುದು. ನಿಮ್ಮ ಬಡಾವಣೆ 1973ರ ಕೊಳಚೆ ಪ್ರದೇಶ ಕಾಯ್ದೆಯಡಿ ಘೋಷಣೆಯಾಗಿದೆಯೇ ಎಂಬುದನ್ನು ಮೊದಲು ನೋಡಿ, ಘೋಷಿತವಾಗಿದ್ದರೆ ನಿಮ್ಮ ನೆಲೆ ಗಟ್ಟಿ.

ಸಾಗರದ ಮೇಷ್ಟ್ರು

ಎಲ್ಲರ ಮಾತನ್ನೂ ಓದಿ ಕರಡಿನ ಚೌಕಟ್ಟನ್ನು ಬದಲಿಸಿದ್ದೇನೆ. ಲೆಕ್ಕಿಗರ ಜಂಟಿ ಸರ್ವೆ ಮೊದಲಿಗೆ ಬರುತ್ತದೆ. ಅದರ ಬೆನ್ನಿಗೇ, ಸರ್ವೆ ಮತ್ತು ಪರಿಶೀಲನೆ ಮುಗಿಯುವವರೆಗೆ, ಮಳೆಗಾಲದಲ್ಲಂತೂ ಯಾವ ಕಾರಣಕ್ಕೂ, ವಾಸದ ಮನೆ ತೆರವು ಮಾಡಬಾರದೆಂಬ ಬೇಡಿಕೆ. ಮುಳುಗಡೆಯವರದು ಪ್ರತ್ಯೇಕ ಅಧ್ಯಾಯ. ಲೈನ್ ಮನೆಯ ಮಗಳು ಬರೆದ ಎರಡು ಗುಂಟೆಯ ಸಲಹೆಯನ್ನು ಅವರ ಮಾತಿನಲ್ಲೇ ಸೇರಿಸುತ್ತೇನೆ. ವಸತಿ ಯೋಜನೆಯ ಮಂಜೂರಾತಿಯನ್ನು, ಹಕ್ಕಿನ ಅರ್ಜಿ ಇತ್ಯರ್ಥವಾಗದೆ ಬಾಕಿ ಇದೆ ಎಂಬ ಕಾರಣಕ್ಕೆ ರದ್ದು ಮಾಡದೆ ಕಾದಿರಿಸಬೇಕು ಎಂಬುದು ಹೊಸನಗರದವರ ಅನುಭವದಿಂದ ಬಂದದ್ದು.

ಮನೆ ಮತ್ತು ತೋಟದ ಪ್ರಶ್ನೆಯಲ್ಲಿ ಮಾತ್ರ ನಾನು ತೀರ್ಥಹಳ್ಳಿಯವರೊಂದಿಗೆ ಪೂರ್ತಿ ಹೋಗಲಾರೆ. ಅರ್ಧ ಎಕರೆ ತೋಟದಿಂದ ಹೊಟ್ಟೆ ಹೊರೆಯುವವನಿಗೆ ಮನೆ ಕೊಟ್ಟು ತೋಟ ಕಿತ್ತುಕೊಂಡರೆ ಅವನು ಆ ಮನೆಯಲ್ಲಿ ಎಷ್ಟು ದಿನ ಇದ್ದಾನು? ಹಿಡುವಳಿಯ ಮಿತಿಯೊಂದನ್ನು ನಾವೇ ಸೂಚಿಸೋಣ.

ಕಾನು ಕಾಯುವವ, ತೀರ್ಥಹಳ್ಳಿ

ಮಿತಿ ಸೂಚಿಸುವುದಾದರೆ ಅದು ಅಂಕಿಯಲ್ಲಿರಲಿ, 'ಸಣ್ಣ ರೈತ' ಎಂಬ ಪದದಲ್ಲಿ ಬೇಡ. ಆ ಪದದೊಳಗೆ ಯಾರು ಬೇಕಾದರೂ ಹಿಡಿಸುತ್ತಾರೆ. ಧರೆ ಕುಸಿಯುವ ಇಳಿಜಾರಿನ ಮನೆಗಳಿಗೆ ಅದೇ ಪಂಚಾಯ್ತಿಯೊಳಗೆ ಬದಲಿ ಜಾಗ ಎಂಬ ಸಾಲೂ ಇರಲಿ. ಇವೆರಡನ್ನೂ ನೋಡಿದ ಮೇಲೆ ಸಹಿಯ ಮಾತು.

ಪಂಚಾಯ್ತಿ ಸದಸ್ಯೆ, ಹೊಸನಗರ ತಾಲ್ಲೂಕು

ಮನವಿಪತ್ರ ಹೋಗುವ ಹೊತ್ತಿಗೆ ಕೆಳಗಿನ ಕೆಲಸವೂ ಆಗಿರಬೇಕು. ಅರಣ್ಯ ಹಕ್ಕಿನ ಗ್ರಾಮಸಭೆಯನ್ನು ಇಡೀ ಪಂಚಾಯ್ತಿಗೆ ಒಂದರಂತೆ ನಡೆಸಿದ್ದರಿಂದಲೇ ನಮ್ಮಲ್ಲಿ ಕೋರಂ ಆಗದೆ ಅರ್ಜಿಗಳು ನಿಂತವು. ಆ ಸಭೆಗೆ ವಯಸ್ಕರಲ್ಲಿ ಅರ್ಧದಷ್ಟು ಜನ ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಹನ್ನೆರಡು ಕಿಲೋಮೀಟರ್ ನಡೆದು ಯಾರು ಬರುತ್ತಾರೆ? ಮಜರೆ, ಅಂದರೆ ಸಣ್ಣ ಹಳ್ಳಿಯ ಮಟ್ಟದಲ್ಲೇ ಸಭೆ ಕರೆಯಬೇಕೆಂದು ಕೇಂದ್ರದ 2012ರ ಮಾರ್ಗಸೂಚಿಯಲ್ಲಿದೆ, ಅದರ ಪ್ರತಿಯನ್ನು ಪಿಡಿಒ ಅವರಿಗೆ ಕೊಟ್ಟಿದ್ದೇನೆ. ಅಡಿಕೆಯ ಕೊನೆಕೊಯ್ಲು ಶುರುವಾದರೆ ಒಬ್ಬರೂ ಸಿಗುವುದಿಲ್ಲ, ಹಾಗಾಗಿ ದೀಪಾವಳಿಗೆ ಮೊದಲೇ ನಮ್ಮ ಮಜರೆಗಳ ಸಭೆ ಇಡುತ್ತಿದ್ದೇವೆ. ಹಿರಿಯರ ಹೇಳಿಕೆ ಬರೆದುಕೊಳ್ಳಲು ಅಕ್ಷರ ಚೆನ್ನಾಗಿರುವ ನಾಲ್ಕೈದು ಜನ ಬೇಕು. ಮೇಷ್ಟ್ರೇ, ನಿಮ್ಮ ಹಳೆಯ ವಿದ್ಯಾರ್ಥಿಗಳು ಯಾರಾದರೂ ಈ ಕಡೆ ಇದ್ದರೆ ತಿಳಿಸಿ.